ಹೋಗಲ್ಲ ಅಂದ ಜಿಮ್ಮಿ ಮೆಕ್‌ಗ್ರೋರಿ

408 ಲೀಗ್ ಪಂದ್ಯ, 410 ಗೋಲು. ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಹೆಚ್ಚುಕಡಿಮೆ ಹದಿನೈದು ವರ್ಷ ಆಡಿದ ಒಬ್ಬ ಮನುಷ್ಯ, ಮೈದಾನಕ್ಕೆ ಇಳಿದದ್ದಕ್ಕಿಂತ ಗೋಲು ಹೊಡೆದದ್ದೇ ಜಾಸ್ತಿ. ಕಪ್ ಪಂದ್ಯ, ದೇಶದ ಪರ ಆಡಿದ್ದು ಎಲ್ಲ ಸೇರಿಸಿದರೆ 550 ಅಂತ ಲೆಕ್ಕ ಹೇಳುತ್ತಾರೆ. ಬ್ರಿಟನ್ನಿನ ಮೇಲ್ದರ್ಜೆಯ ಫುಟ್‌ಬಾಲಿನಲ್ಲಿ ಇವತ್ತಿನವರೆಗೂ ಅದನ್ನು ಯಾರೂ ದಾಟಿಲ್ಲ. ಅವನ ಹೆಸರು ಜಿಮ್ಮಿ ಮೆಕ್‌ಗ್ರೋರಿ. ಊರು ಸ್ಕಾಟ್ಲೆಂಡಿನ ಗ್ಲಾಸ್ಗೋ, ಕ್ಲಬ್ಬು ಸೆಲ್ಟಿಕ್, ಕಾಲ ಎರಡು ಮಹಾಯುದ್ಧಗಳ ನಡುವಿನದು.

ನಮ್ಮ ಕಲಬುರಗಿಯಲ್ಲಿ ಈ ಹೆಸರು ಕೇಳಿದವರು ತೀರಾ ಕಮ್ಮಿ ಇರಬೇಕು. ಇಲ್ಲಿ ಕ್ರಿಕೆಟ್ಟೇ ಎಲ್ಲ. ಫುಟ್‌ಬಾಲ್ ನೋಡುವ ಹುಡುಗರು ಇದ್ದಾರೆ, ಆದರೆ ಅವರಿಗೆ ಮೆಸ್ಸಿ, ರೊನಾಲ್ಡೊ, ಎಂಬಾಪೆ ಗೊತ್ತು, ಅದಕ್ಕಿಂತ ಹಿಂದೆ ಹೋದರೆ ಮರಡೋನಾ, ಪೆಲೆ, ಅಷ್ಟೇ. ನನಗೂ ಮೆಕ್‌ಗ್ರೋರಿ ಸಿಕ್ಕಿದ್ದು ಬೇರೆ ಒಬ್ಬರ ಹಿಂದೆ ಹೋದಾಗ. ಕಲ್ಕತ್ತೆಯ ಮೊಹಮ್ಮದ್ ಸಲೀಂ ಬಗ್ಗೆ ಓದುತ್ತಿದ್ದೆ. ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬಿನ ಆಟಗಾರ. 1936ರಲ್ಲಿ ತಮ್ಮ ಸಂಬಂಧಿಕರ ಜೊತೆ ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ಬಿಗೆ ಹೋಗಿ, ನಾನು ಆಡಬೇಕು ಅಂದವರು. ಬೂಟು ಹಾಕುತ್ತಿರಲಿಲ್ಲ, ಬರಿಗಾಲಲ್ಲೇ ಆಟ. ಸೆಲ್ಟಿಕ್‌ನ ಟ್ರೇನರ್ ಜಿಮ್ಮಿ ಮೆಕ್‌ಮೆನಮಿ, ಆತನೂ ಒಂದು ಕಾಲದ ದೊಡ್ಡ ಆಟಗಾರನೇ, ಸಲೀಂ ಕಾಲಿಗೆ ಬ್ಯಾಂಡೇಜ್ ಸುತ್ತುತ್ತಿರುವ ಒಂದು ಫೋಟೋ ಇದೆ. ಅದನ್ನು ಒಮ್ಮೆ ನೋಡಿದರೆ ಮರೆಯಲ್ಲ. ಸಲೀಂ ಅಲ್ಲಿ ಆಡಿದ್ದು ಎರಡೇ ಪಂದ್ಯ. ಹ್ಯಾಮಿಲ್ಟನ್ ಎದುರು ಒಂದು, ಗಾಲ್ಸ್ಟನ್ ಎದುರು ಒಂದು. ಎರಡರಲ್ಲೂ ಸೆಲ್ಟಿಕ್ ಭರ್ಜರಿಯಾಗಿ ಗೆದ್ದಿತು. ಕ್ಲಬ್ಬು ಇಟ್ಟುಕೊಳ್ಳಲು ನೋಡಿತು, ಆದರೆ ಸಲೀಂ ಅವರಿಗೆ ಊರು ನೆನಪಾಯಿತು, ವಾಪಸ್ ಬಂದುಬಿಟ್ಟರು.

ಆಗ ಸೆಲ್ಟಿಕ್‌ನ ಮುಖ್ಯ ತಂಡದಲ್ಲಿ ಸೆಂಟರ್ ಫಾರ್ವರ್ಡ್, ಅಂದ್ರೆ ಗೋಲು ಹೊಡೆಯಲು ಎಲ್ಲರಿಗಿಂತ ಮುಂದೆ ಆಡುವವನು, ಯಾರು ಅಂತ ನೋಡಲು ಹೋದೆ. ಮೆಕ್‌ಗ್ರೋರಿ. ಅಲ್ಲಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಹುಟ್ಟಿದ್ದು 1904ರ ಏಪ್ರಿಲ್‌ನಲ್ಲಿ, ಗ್ಲಾಸ್ಗೋದ ಉತ್ತರಕ್ಕಿರುವ ಗಾರ್ನ್‌ಗ್ಯಾಡ್ ಅನ್ನೋ ಬಡಾವಣೆಯಲ್ಲಿ. ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಗುಳೆ ಬಂದವರೇ ತುಂಬಿದ್ದ ಜಾಗ ಅದು. ಸುತ್ತ ಕಾರ್ಖಾನೆ, ಹೊಗೆ. ಅಪ್ಪ ಗ್ಯಾಸ್ ಕಾರ್ಖಾನೆಯಲ್ಲಿ ಕೂಲಿ. ಗುಳೆ ಅನ್ನೋ ಮಾತು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾದಗಿರಿ, ಸೇಡಂ, ಚಿತ್ತಾಪುರ ಕಡೆಯಿಂದ ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗುವವರನ್ನು ರೈಲ್ವೆ ಸ್ಟೇಷನ್ನಿನಲ್ಲಿ ನೋಡುತ್ತಲೇ ಇರುತ್ತೇವೆ. ಅಂಥವರ ಮಕ್ಕಳು ಹೋದ ಊರಲ್ಲೇ ಬೆಳೆದು, ಆ ಊರಿಗೇ ಒಂದು ತಂಡ ಕಟ್ಟಿಕೊಂಡರೆ ಹೇಗಿರುತ್ತೆ? ಸೆಲ್ಟಿಕ್ ಹುಟ್ಟಿದ್ದು ಹಾಗೇ. 1887ರಲ್ಲಿ ಬ್ರದರ್ ವಾಲ್ಫ್ರಿಡ್ ಅನ್ನೋ ಐರಿಷ್ ಸನ್ಯಾಸಿ, ಗ್ಲಾಸ್ಗೋದ ಪೂರ್ವ ಭಾಗದ ಬಡ ಮಕ್ಕಳಿಗೆ ಊಟ ಹಾಕಲು ದುಡ್ಡು ಬೇಕು ಅಂತ ಕ್ಲಬ್ ಶುರು ಮಾಡಿಸಿದ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ದಾಸೋಹಕ್ಕಾಗಿ ಹುಟ್ಟಿದ ತಂಡ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹುಡುಗ ಮೊದಲು ಆಡಿದ್ದು ಓಣಿಯ ಹತ್ತಿರದ ಸೇಂಟ್ ರಾಕ್ಸ್ ಅನ್ನೋ ಸಣ್ಣ ಕ್ಲಬ್ಬಿಗೆ. 1922ರಲ್ಲಿ ಆ ತಂಡ ಸ್ಕಾಟಿಷ್ ಜೂನಿಯರ್ ಕಪ್ ಗೆದ್ದಿತು. ಅದೇ ವರ್ಷ ಸೆಲ್ಟಿಕ್ ಕರೆಯಿತು. ಮೊದಲೆರಡು ವರ್ಷ ಏನೂ ದೊಡ್ಡದಾಗಿ ಆಗಲಿಲ್ಲ. 1923-24ರ ಸೀಸನ್ ಪೂರ್ತಿ ಕ್ಲೈಡ್‌ಬ್ಯಾಂಕ್ ಅನ್ನೋ ಬೇರೆ ಕ್ಲಬ್ಬಿಗೆ ಕಳಿಸಿಬಿಟ್ಟರು, ಅಲ್ಲಿ ಆಡಿ ಪಳಗಲಿ ಅಂತ. ಅಲ್ಲಿ ಇದ್ದಾಗ ಸೆಲ್ಟಿಕ್ ಮೇಲೇ ಗೋಲು ಹೊಡೆದ. ವಾಪಸ್ ಕರೆಸಿಕೊಳ್ಳಲು ಅದೂ ಒಂದು ಕಾರಣ ಆಗಿರಬಹುದು ಅಂತ ನನಗನಿಸುತ್ತೆ.

1925ರ ಸ್ಕಾಟಿಷ್ ಕಪ್ ಫೈನಲ್ಲಿನಲ್ಲಿ ಜನ ಅವನನ್ನು ನಿಜವಾಗಿ ನೋಡಿದರು. ಎದುರಾಳಿ ಡಂಡೀ. ಡಂಡೀ ಮೊದಲು ಗೋಲು ಹೊಡೆದು ಮುಂದಿತ್ತು. ಸೆಲ್ಟಿಕ್‌ನ ಪ್ಯಾಟ್ಸಿ ಗ್ಯಾಲಕರ್, ಸಣ್ಣ ಮೈಕಟ್ಟಿನ ಚಾಲಾಕಿ ಆಟಗಾರ, ಒಬ್ಬೊಬ್ಬರನ್ನೇ ದಾಟಿಕೊಂಡು ಗೋಲಿನ ಬಾಯಿಯವರೆಗೆ ಹೋಗಿ, ಬೀಳುವ ಹೊತ್ತಿನಲ್ಲಿ ಚೆಂಡನ್ನು ಎರಡು ಪಾದಗಳ ನಡುವೆ ಗಟ್ಟಿಯಾಗಿ ಹಿಡಿದು, ಲಾಗ ಹಾಕಿ, ಚೆಂಡಿನ ಸಮೇತ ಬಲೆಯೊಳಗೆ ಹೋಗಿ ಬಿದ್ದ. ಸ್ಕಾಟ್ಲೆಂಡಿನಲ್ಲಿ ಈಗಲೂ ಆ ಗೋಲಿನ ಮಾತು ಆಡುತ್ತಾರೆ. ಆದರೆ ಅದು ಸಮ ಮಾಡಿದ ಗೋಲು ಮಾತ್ರ. ಗೆಲ್ಲಿಸಿದ್ದು ಮೆಕ್‌ಗ್ರೋರಿ. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಇದ್ದಾಗ ಒಂದು ಫ್ರೀ ಕಿಕ್ ಬಂತು, ಇವನು ನೆಲಕ್ಕೆ ಸಮನಾಗಿ ಹಾರಿ ತಲೆಯಲ್ಲಿ ಗುದ್ದಿದ. 2-1. ಆಗ ಅವನಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ.

ಹಾರಿ ತಲೆಯಲ್ಲಿ ಗುದ್ದೋದು ಅವನ ಗುರುತೇ ಆಗಿಹೋಯಿತು. ಜನ ಅವನನ್ನು ಮನುಷ್ಯ ರೂಪದ ಟಾರ್ಪಿಡೊ ಅಂತ ಕರೆಯುತ್ತಿದ್ದರು. ಎತ್ತರದ ಆಳೇನೂ ಅಲ್ಲ. ಆದರೆ ಅಗಲ ಭುಜ, ಗಟ್ಟಿ ಕುತ್ತಿಗೆ. ಹಳೇ ಫೋಟೋಗಳಲ್ಲಿ ಮುಖಕ್ಕಿಂತ ಮೊದಲು ಆ ಕುತ್ತಿಗೆಯೇ ಕಾಣುತ್ತೆ.

ಇದನ್ನು ನಮ್ಮ ದೊಡ್ಡಪ್ಪನ ಮಗನಿಗೆ ತೋರಿಸಿದೆ. ಅಣ್ಣ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ, ಬೆಳಿಗ್ಗೆ ಬೆಳಿಗ್ಗೆ ಮೈದಾನದಲ್ಲಿ ಓಣಿಯ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತಾನೆ. ಅದಕ್ಕೆ ಯಾರೂ ದುಡ್ಡು ಕೊಡಲ್ಲ, ಅವನು ಕೇಳುವುದೂ ಇಲ್ಲ. ಫೋಟೋ ದೊಡ್ಡದು ಮಾಡಿ ನೋಡಿ, "ತಮ್ಮಾ, ಚೆಂಡ್ ನೋಡು ಮೊದ್ಲ" ಅಂದ. ನಾನು ಆಟಗಾರನನ್ನು ನೋಡುತ್ತಿದ್ದೆ, ಅಣ್ಣ ಚೆಂಡು ನೋಡಿದ್ದ. ಆ ಕಾಲದ ಚೆಂಡು ದಪ್ಪ ಚರ್ಮದ್ದು. ಪಟ್ಟಿ ಪಟ್ಟಿ ಹೊಲಿದು, ಒಳಗೆ ರಬ್ಬರಿನ ಬ್ಲಾಡರ್ ಇಟ್ಟು, ಗಾಳಿ ತುಂಬಿ, ಬಾಯಿಗೆ ಬೂಟಿನ ಲೇಸಿನಂಥದ್ದೇ ಒಂದು ಚರ್ಮದ ದಾರ ಹಾಕಿ ಬಿಗಿಯುತ್ತಿದ್ದರು. ಆ ಲೇಸಿನ ಕಡೆ ಹಣೆಗೆ ಬಿದ್ದರೆ ಚರ್ಮ ಕಿತ್ತು ಬರುತ್ತಿತ್ತು. ಒಣಗಿದ್ದಾಗ ಅದರ ತೂಕ ಈಗಿನ ಚೆಂಡಿಗಿಂತ ಅಂಥಾ ಜಾಸ್ತಿ ಏನಿಲ್ಲ. ಆದರೆ ಗ್ಲಾಸ್ಗೋದಲ್ಲಿ ಒಣಗಿದ ದಿನ ಎಷ್ಟು? ಮಳೆ, ಕೆಸರು. ಚರ್ಮ ನೀರು ಕುಡಿದು ಕುಡಿದು ಆಟ ಮುಗಿಯುವ ಹೊತ್ತಿಗೆ ಕಲ್ಲಾಗುತ್ತಿತ್ತು. ಅದನ್ನು ಈ ಮನುಷ್ಯ ವಾರ ವಾರ ಹಣೆಯಿಂದ ಗುದ್ದಿದ್ದಾನೆ.

ಅಣ್ಣ ತನ್ನ ಸಣ್ಣ ಹುಡುಗರಿಗೆ ಹೆಡ್ಡಿಂಗ್ ಪ್ರಾಕ್ಟೀಸ್ ಮಾಡಿಸಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಕೊಟ್ಟ ಉತ್ತರವೂ ಅದೇ ಗ್ಲಾಸ್ಗೋದಿಂದ ಬಂದದ್ದು. 2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ವೈದ್ಯರು ಸ್ಕಾಟ್ಲೆಂಡಿನ ಹಳೇ ವೃತ್ತಿಪರ ಆಟಗಾರರ ಸಾವಿನ ದಾಖಲೆ ತೆಗೆದು ನೋಡಿದರು. ಮರೆವಿನ ರೋಗದಂಥ ಮೆದುಳಿನ ಕಾಯಿಲೆಗಳಿಂದ ಸಾಯುವ ಸಾಧ್ಯತೆ ಬೇರೆಯವರಿಗಿಂತ ಇವರಲ್ಲಿ ಸುಮಾರು ಮೂರೂವರೆ ಪಟ್ಟು ಜಾಸ್ತಿ ಅಂತ ಕಂಡುಬಂತು. ಮಾರನೇ ವರ್ಷ ಸ್ಕಾಟ್ಲೆಂಡಿನಲ್ಲಿ ಹನ್ನೆರಡರೊಳಗಿನ ಮಕ್ಕಳಿಗೆ ತರಬೇತಿಯಲ್ಲಿ ಹೆಡ್ಡಿಂಗ್ ಬೇಡ ಅಂತ ನಿಯಮ ತಂದರು. ಕಲಬುರಗಿಯ ಒಂದು ಮೈದಾನದಲ್ಲಿ ಯಾರ ಕಣ್ಣಿಗೂ ಬೀಳದೆ ಇದನ್ನು ಪಾಲಿಸುವ ಒಬ್ಬ ಕೋಚ್ ಇದ್ದಾನೆ ಅನ್ನೋದು ನನಗೆ ಹೆಮ್ಮೆ. ನಿಮ್ಮ ಮಕ್ಕಳು ಫುಟ್‌ಬಾಲ್ ಆಡುತ್ತಿದ್ದರೆ ಕೋಚ್ ಹತ್ತಿರ ಈ ಮಾತು ಒಮ್ಮೆ ಎತ್ತಿ ನೋಡಿ.

ಸರಿ, ಗೋಲುಗಳ ವಿಷಯಕ್ಕೆ ಬರೋಣ. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಎದುರಾಳಿಯ ಗೋಲಿನ ಹತ್ತಿರವೇ ಸುಮ್ಮನೆ ಕಾದು ನಿಂತು ಚೆಂಡು ಪಡೆಯಬಾರದು ಅನ್ನೋ ನಿಯಮ ಅದು. ಅಲ್ಲಿಯವರೆಗೆ ಚೆಂಡು ಪಡೆಯುವವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಕನಿಷ್ಠ ಮೂವರು ಇರಬೇಕಿತ್ತು, ಗೋಲ್‌ಕೀಪರ್ ಸೇರಿ. ಆಮೇಲೆ ಇಬ್ಬರಿದ್ದರೆ ಸಾಕಾಯಿತು. ಡಿಫೆಂಡರುಗಳು ತಬ್ಬಿಬ್ಬಾದರು, ಎಲ್ಲ ಕಡೆ ಗೋಲುಗಳ ಸುರಿಮಳೆ. ಮೆಕ್‌ಗ್ರೋರಿಯ ಅಂಕಿಗಳ ಹಿಂದೆ ಈ ನಿಯಮದ ಪಾಲೂ ಇದೆ, ಅದನ್ನು ಮುಚ್ಚಿಡಬಾರದು. ಆದರೆ ನಿಯಮ ಎಲ್ಲರಿಗೂ ಒಂದೇ ಬದಲಾಯಿತಲ್ವಾ? ಎಲ್ಲ ಫಾರ್ವರ್ಡುಗಳೂ 550 ಹೊಡೆಯಲಿಲ್ಲ.

1928ರ ಜನವರಿ 14. ಸೆಲ್ಟಿಕ್ ಪಾರ್ಕಿನಲ್ಲಿ ಡನ್‌ಫರ್ಮ್‌ಲಿನ್ ಎದುರು ಪಂದ್ಯ. ಸೆಲ್ಟಿಕ್ 9, ಡನ್‌ಫರ್ಮ್‌ಲಿನ್ ಸೊನ್ನೆ. ಒಂಬತ್ತರಲ್ಲಿ ಎಂಟು ಇವನದೇ. ಸ್ಕಾಟ್ಲೆಂಡಿನ ಮೇಲಿನ ಲೀಗಿನಲ್ಲಿ ಒಂದೇ ಪಂದ್ಯದಲ್ಲಿ ಎಂಟು ಗೋಲು ಹೊಡೆದ ದಾಖಲೆ ಈಗಲೂ ಅವನ ಹೆಸರಲ್ಲೇ ಇದೆ. ಆ ಸೀಸನ್ನಿನಲ್ಲಿ ಲೀಗಿನಲ್ಲೇ 47 ಗೋಲು. ಅದೇ ಸೀಸನ್ನಿನಲ್ಲಿ ಇಂಗ್ಲೆಂಡಿನಲ್ಲಿ ಎವರ್ಟನ್‌ನ ಡಿಕ್ಸಿ ಡೀನ್ 60 ಹೊಡೆದ.

ಈಗ ನಾನು ಬರೆಯಲು ಕೂತ ಮುಖ್ಯ ವಿಷಯ.

1928ರ ಬೇಸಿಗೆ. ಸೆಲ್ಟಿಕ್ ಮ್ಯಾನೇಜರ್ ವಿಲ್ಲಿ ಮೇಲಿ, ಮೆಕ್‌ಗ್ರೋರಿಯನ್ನು ಕರೆದುಕೊಂಡು ಫ್ರಾನ್ಸಿನ ಲೂರ್ದ್‌ಗೆ ಯಾತ್ರೆ ಹೊರಟ. ಕ್ಯಾಥೊಲಿಕರಿಗೆ ಬಹಳ ದೊಡ್ಡ ಕ್ಷೇತ್ರ ಅದು. ದಾರಿಯಲ್ಲಿ ಲಂಡನ್. ಅಲ್ಲಿ ನೋಡಿದರೆ ಆರ್ಸೆನಲ್ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಕಾದು ನಿಂತಿದ್ದಾನೆ. ಮುಂದೆ ಇಂಗ್ಲೆಂಡಿನ ಫುಟ್‌ಬಾಲನ್ನೇ ಬದಲಿಸಿದ ಮನುಷ್ಯ. ಮೆಕ್‌ಗ್ರೋರಿಯನ್ನು ಕೊಳ್ಳಬೇಕು ಅನ್ನೋದು ಅವನ ಆಸೆ. ಸೆಲ್ಟಿಕ್‌ಗೆ ಮಾರುವ ಆಸೆ. ಮೈದಾನದಲ್ಲಿ ಜನ ಕೂತು ನೋಡುವ ಹೊಸ ಸ್ಟ್ಯಾಂಡ್ ಕಟ್ಟಿಸಲು ಕ್ಲಬ್ಬಿಗೆ ದುಡ್ಡು ಬೇಕಿತ್ತು. 10 ಸಾವಿರ ಪೌಂಡಿನ ಮಾತು ನಡೆದಿತ್ತು ಅಂತ ಹೇಳುತ್ತಾರೆ. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ಯಾವ ಆಟಗಾರನಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಎಲ್ಲ ಗೊತ್ತಿದ್ದವರು ಅಲ್ಲಿ ಇಬ್ಬರು, ಏನೂ ಗೊತ್ತಿಲ್ಲದವನು ಒಬ್ಬ. ದೇವರ ದರ್ಶನಕ್ಕೆ ಅಂತ ಹೊರಟವನನ್ನು ಮಾರಾಟದ ಮಾತಿನ ನಡುವೆ ನಿಲ್ಲಿಸಿದ್ದರು.

ಅವನು ಹೋಗಲ್ಲ ಅಂದ. ಯಾತ್ರೆ ಮುಗಿಸಿ ವಾಪಸ್ ಬರುವಾಗ ಚಾಪ್‌ಮನ್ ಮತ್ತೆ ಹಿಡಿದ. ಮತ್ತೆ ಹೋಗಲ್ಲ ಅಂದ. ಆರ್ಸೆನಲ್ ಆ ವರ್ಷವೇ ಅಕ್ಟೋಬರ್‌ನಲ್ಲಿ ಬೋಲ್ಟನ್‌ನಿಂದ ಡೇವಿಡ್ ಜಾಕ್‌ನನ್ನು ಕೊಂಡಿತು. 10 ಸಾವಿರ ಪೌಂಡ್ ದಾಟಿದ ಮೊದಲ ವ್ಯವಹಾರ ಅದು.

ಹೋಗಲ್ಲ ಅಂದವನಿಗೆ ಕ್ಲಬ್ಬು ಏನು ಕೊಟ್ಟಿತು? ಪಗಾರ ಕಡಿಮೆ ಮಾಡಿತು. ಜೊತೆಗಾರರಿಗೆ ವಾರಕ್ಕೆ 9 ಪೌಂಡ್, ಇವನಿಗೆ 8. ಅದೂ ಅವನಿಗೆ ಹೇಳದೆ. ಇದು ಅವನಿಗೆ ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ.

ನನಗೆ ಸಿಟ್ಟು ಬರುವುದು ಇಲ್ಲೇ. ಬಡ ಮಕ್ಕಳ ದಾಸೋಹಕ್ಕೆ ಅಂತ ಹುಟ್ಟಿದ ಕ್ಲಬ್ಬು. ಅದೇ ಬಡ ಓಣಿಯಿಂದ, ಕೂಲಿಯವನ ಮನೆಯಿಂದ ಬಂದ ಹುಡುಗ. ಅವನು ವಾರ ವಾರ ಗೋಲು ಹೊಡೆದು ಗೇಟಿನ ದುಡ್ಡು ತುಂಬಿಸಿದ್ದಾನೆ. ನಿಮ್ಮನ್ನು ಬಿಟ್ಟು ಹೋಗಲ್ಲ ಅಂದದ್ದೇ ತಪ್ಪು ಅನ್ನೋ ಥರ ಅವನ ಪಗಾರದಲ್ಲಿ ಒಂದು ಪೌಂಡ್ ಹಿಡಿದುಕೊಳ್ಳೋದು ಅಂದ್ರೆ ಏನರ್ಥ?

ಅವನ ಬಗ್ಗೆ ಬರೆಯುವವರು ಹೆಚ್ಚಾಗಿ ಇದನ್ನು ನಿಷ್ಠೆಯ ಕಥೆ ಮಾಡಿ ಮುಗಿಸುತ್ತಾರೆ. ಎಂಥಾ ನಿಷ್ಠೆ, ಎಂಥಾ ತ್ಯಾಗ ಅಂತ. ನಾನೂ ಮೊದಲು ಹಾಗೇ ಹೇಳುತ್ತಾ ಅಣ್ಣನ ಮುಂದೆ ಕೂತಿದ್ದೆ. ಸೂಪರ್ ಮಾರ್ಕೆಟ್ ಹತ್ತಿರ ಸುಸಲಾ ಮಿರ್ಚಿ ತಿನ್ನುತ್ತಾ ಮಾತು ನಡೆದಿತ್ತು. ಅಣ್ಣ ತಿನ್ನೋದು ನಿಲ್ಲಿಸಿ, "ಅಲ್ಲ ತಮ್ಮಾ, ಅಂವಾ ಹೋಗ್ಲಿಲ್ಲ ಅಂತ ಎಲ್ಲಾರೂ ಹೊಗಳ್ತೀರಿ. ಪಗಾರ ಕಡಿಮಿ ಮಾಡಿದವ್ರನ್ನ ಯಾಕ ಬೈಯಂಗಿಲ್ಲ?" ಅಂದ. ಮಿಲ್ಲಿನಲ್ಲಿ ಅವನಿಗೆ ಎಷ್ಟು ಪಗಾರ, ಅದು ಎಷ್ಟು ವರ್ಷದಿಂದ ಹಾಗೇ ಇದೆ ಅನ್ನೋದು ನನಗೆ ಗೊತ್ತು. ಹೈದರಾಬಾದಿಗೆ ಕರೆದಾಗ ಹೋಗಲಿಲ್ಲ ಅನ್ನೋದೂ ಗೊತ್ತು. ಮನೆಯಲ್ಲಿ ದೊಡ್ಡಮ್ಮ ಇದ್ದಾಳೆ, ಬೆಳಿಗ್ಗೆ ಆ ಹುಡುಗರಿದ್ದಾರೆ. ತ್ಯಾಗ ಮಾಡಿದ್ದೀಯಾ ಅಂದ್ರೆ ಅವನಿಗೆ ಸಿಟ್ಟೇ ಬರುತ್ತೆ. "ನಂಗ ಇಲ್ಲೇ ಇರಾಕ ಮನಸ, ಅದಕ್ಕ ಅದೀನಿ" ಅಂತಾನೆ.

ಅದಾದ ಮೇಲೆ ಮೆಕ್‌ಗ್ರೋರಿಯ ಬಗ್ಗೆ ನಾನು ಬೇರೆ ಥರ ಯೋಚಿಸುತ್ತೇನೆ. ಅವನು ಕ್ಲಬ್ಬಿಗೆ ತ್ಯಾಗ ಮಾಡಲಿಲ್ಲ. ಅವನಿಗೆ ಸೆಲ್ಟಿಕ್ ಬೇಕಿತ್ತು, ಇಟ್ಟುಕೊಂಡ. ಆರ್ಸೆನಲ್‌ನ ಮೆಕ್‌ಗ್ರೋರಿ ಅಂತ ಕರೆಸಿಕೊಳ್ಳೋದು ಅವನಿಗೆ ಹಿಡಿಸಲಿಲ್ಲ. ಅದು ಅವನ ಹಕ್ಕು, ಅವನ ಖುಷಿ. ಇರಲು ಇಷ್ಟ ಇದೆ ಅಂತ ಗೊತ್ತಾದ ಮೇಲೆ ಅದನ್ನೇ ಹಿಡಿದು ಪಗಾರ ಕಡಿಮೆ ಮಾಡಿದ್ದು ಕ್ಲಬ್ಬಿನ ಕೆಲಸ. ಎರಡೂ ಬೇರೆ ಬೇರೆ. ನಿಷ್ಠೆ ಅನ್ನೋ ಒಂದು ಮಾತಿನ ಕೆಳಗೆ ಎರಡನ್ನೂ ಮುಚ್ಚಿದರೆ ಕ್ಲಬ್ಬು ಬಚಾವಾಗುತ್ತೆ.

ಆ ಕಾಲದ ಪದ್ಧತಿಯೂ ಹಾಗೇ ಇತ್ತು, ಅದನ್ನು ಹೇಳಲೇಬೇಕು. ಇಂಗ್ಲೆಂಡಿಗೆ ಹೋಗಿದ್ದರೂ ಅವನಿಗೆ ಪಗಾರ ಅಷ್ಟೇನೂ ಜಾಸ್ತಿ ಸಿಗುತ್ತಿರಲಿಲ್ಲ. ಅಲ್ಲಿ ಪಗಾರಕ್ಕೆ ಮಿತಿ ಹಾಕಿದ್ದರು. ಸೀಸನ್ನಿನಲ್ಲಿ ವಾರಕ್ಕೆ ಹೆಚ್ಚೆಂದರೆ 8 ಪೌಂಡ್, ಬೇಸಿಗೆಯಲ್ಲಿ 6. ಎಷ್ಟೇ ದೊಡ್ಡ ಆಟಗಾರ ಆಗಿರಲಿ, ಅಷ್ಟೇ. ಟ್ರಾನ್ಸ್‌ಫರಿನ ಸಾವಿರಗಟ್ಟಲೆ ಪೌಂಡ್ ಎಲ್ಲ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುತ್ತಿತ್ತು, ಯಾರ ಕಾಲು ಯಾರ ತಲೆ ಮಾರಾಟ ಆಯಿತೋ ಅವನ ಕೈಗೆ ಬರುತ್ತಿದ್ದದ್ದು ಚಿಲ್ಲರೆ. ಕರಾರು ಮುಗಿದರೂ ಕ್ಲಬ್ಬು ಬಿಡುಗಡೆ ಕೊಡದಿದ್ದರೆ ಬೇರೆ ಕಡೆ ಆಡುವ ಹಾಗಿಲ್ಲ. ಇನ್ನೊಬ್ಬ ಸ್ಕಾಟ್, ಅಲೆಕ್ಸ್ ಜೇಮ್ಸ್, 1929ರಲ್ಲಿ ಆರ್ಸೆನಲ್‌ಗೆ ಹೋದಾಗ ಈ ಮಿತಿಯಿಂದ ಪಾರಾಗಲು ಒಂದು ದಾರಿ ಹುಡುಕಿದರು. ಲಂಡನ್ನಿನ ಸೆಲ್ಫ್ರಿಜಸ್ ಅನ್ನೋ ದೊಡ್ಡ ಅಂಗಡಿಯಲ್ಲಿ, ಕ್ರೀಡಾ ಸಾಮಾನು ತೋರಿಸುವ ಕೆಲಸ ಕೊಡಿಸಿ, ಅಲ್ಲಿಂದ ವರ್ಷಕ್ಕೆ 250 ಪೌಂಡ್ ಬರುವ ಹಾಗೆ ಮಾಡಿದರು. ಇಂಗ್ಲೆಂಡಿನ ಆ ಪಗಾರದ ಮಿತಿ ಹೋಗಿದ್ದು 1961ರಲ್ಲಿ, ಅದೂ ಆಟಗಾರರ ಸಂಘ ಮುಷ್ಕರ ಮಾಡುತ್ತೇವೆ ಅಂತ ಗಟ್ಟಿಯಾಗಿ ನಿಂತ ಮೇಲೆ. ಮೆಕ್‌ಗ್ರೋರಿ ಆಡೋದು ಬಿಟ್ಟು ಆಗಲೇ ಇಪ್ಪತ್ತು ವರ್ಷ ದಾಟಿತ್ತು.

ಅವನಿಗೆ ಆದ ಇನ್ನೊಂದು ಅನ್ಯಾಯ ಸ್ಕಾಟ್ಲೆಂಡ್ ತಂಡದ್ದು. ಇಷ್ಟೆಲ್ಲ ಗೋಲು ಹೊಡೆದವನು ದೇಶದ ಪರ ಆಡಿದ್ದು ಏಳೇ ಪಂದ್ಯ! ಆರು ಗೋಲು. ಅವನ ಜಾಗದಲ್ಲಿ ಇದ್ದವನು ಹ್ಯೂಯಿ ಗ್ಯಾಲಕರ್, ಅವನೂ ಮಹಾ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. 1928ರ ಮಾರ್ಚ್‌ನಲ್ಲಿ ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡನ್ನು 5-1ರಲ್ಲಿ ಮಣ್ಣು ಮುಕ್ಕಿಸಿತು. ಅಲ್ಲೂ ಸೆಂಟರ್ ಫಾರ್ವರ್ಡ್ ಗ್ಯಾಲಕರ್, ಅವನ ಪಕ್ಕದಲ್ಲಿ ಅಲೆಕ್ಸ್ ಜೇಮ್ಸ್. ಎಂಟು ಗೋಲಿನ ಆ ಸೀಸನ್ನಿನಲ್ಲೇ ಮೆಕ್‌ಗ್ರೋರಿ ಆ ತಂಡದಲ್ಲಿಲ್ಲ. ಒಬ್ಬನನ್ನು ಇಟ್ಟುಕೊಂಡಿದ್ದು ತಪ್ಪಲ್ಲ. ಆದರೆ ಇಷ್ಟು ವರ್ಷದಲ್ಲಿ ಏಳು ಸಲ ಮಾತ್ರ ನೆನಪಾಗೋದು ಸರಿಯಲ್ಲ.

ಆ ಏಳರಲ್ಲಿ ಒಂದು 1933ರ ಏಪ್ರಿಲ್ 1ರದ್ದು. ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್, ಎದುರಾಳಿ ಇಂಗ್ಲೆಂಡ್. ಮೈದಾನದಲ್ಲಿ ಸೇರಿದ್ದ ಜನ 1,34,000ಕ್ಕೂ ಹೆಚ್ಚು. ಹೆಚ್ಚಿನವರು ನಿಂತೇ ನೋಡೋದು. ಸ್ಕಾಟ್ಲೆಂಡ್ 2-1ರಲ್ಲಿ ಗೆದ್ದಿತು, ಎರಡೂ ಗೋಲು ಇವನದು. ಎರಡನೆಯದಕ್ಕೆ ಚೆಂಡು ಕೊಟ್ಟವನು ಬಾಬ್ ಮೆಕ್‌ಫೇಲ್. ಆತ ರೇಂಜರ್ಸ್ ಆಟಗಾರ. ಸೆಲ್ಟಿಕ್ ಮತ್ತು ರೇಂಜರ್ಸ್ ಅಂದ್ರೆ ಗ್ಲಾಸ್ಗೋದಲ್ಲಿ ಬರೀ ಎರಡು ಕ್ಲಬ್ಬಲ್ಲ, ಕ್ಯಾಥೊಲಿಕ್ ಒಂದು ಕಡೆ ಪ್ರಾಟೆಸ್ಟೆಂಟ್ ಒಂದು ಕಡೆ, ಹಳೇ ಜಗಳ. ರೇಂಜರ್ಸ್‌ನವನು ಕೊಟ್ಟ ಚೆಂಡು, ಸೆಲ್ಟಿಕ್‌ನವನು ಹೊಡೆದ ಗೋಲು. ಹ್ಯಾಂಪ್ಡನ್ ಗರ್ಜನೆ ಅನ್ನೋ ಮಾತು ಹುಟ್ಟಿದ್ದೇ ಆ ಗೋಲಿಗೆ ಜನ ಕೂಗಿದ ಕೂಗಿನಿಂದ ಅಂತ ಹೇಳುವವರು ಅಲ್ಲಿ ಬಹಳ ಜನ ಇದ್ದಾರೆ.

ಆದರೆ ಆ ವರ್ಷಗಳೆಲ್ಲ ಖುಷಿಯವಲ್ಲ. 1931ರ ಸೆಪ್ಟೆಂಬರ್ 5ರಂದು ರೇಂಜರ್ಸ್ ಎದುರಿನ ಪಂದ್ಯದಲ್ಲಿ ಸೆಲ್ಟಿಕ್ ಗೋಲ್‌ಕೀಪರ್ ಜಾನ್ ಥಾಮ್ಸನ್, ಸ್ಯಾಮ್ ಇಂಗ್ಲಿಷ್ ಅನ್ನೋ ಹೆಸರಿನ ಎದುರಾಳಿಯ ಕಾಲಿಗೆ ಹಾರಿ ಬಿದ್ದು ಚೆಂಡು ತಡೆಯಲು ಹೋಗಿ, ತಲೆಗೆ ಮೊಣಕಾಲು ತಾಗಿ, ಅದೇ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 22. ಬೇಕಂತ ಮಾಡಿದ್ದಲ್ಲ, ಆಟದಲ್ಲಿ ಆದ ಆಕಸ್ಮಿಕ. ಅದೇ ವರ್ಷ ಏಪ್ರಿಲ್‌ನಲ್ಲಿ ಅದೇ ತಂಡ ಮದರ್‌ವೆಲ್ ಎದುರಿನ ಕಪ್ ಫೈನಲ್ಲಿನಲ್ಲಿ 2-0 ಹಿಂದಿದ್ದು, ಕೊನೆಯ ನಿಮಿಷಗಳಲ್ಲಿ ಮೆಕ್‌ಗ್ರೋರಿ ಒಂದು ಹೊಡೆದು, ಇನ್ನೊಂದು ಮದರ್‌ವೆಲ್‌ನವರೇ ತಮ್ಮ ಗೋಲಿಗೆ ಹಾಕಿಕೊಂಡು, ಸಮ ಆಗಿ, ಮರು ಪಂದ್ಯದಲ್ಲಿ 4-2ರಲ್ಲಿ ಗೆದ್ದಿತ್ತು. ಐದು ತಿಂಗಳಲ್ಲಿ ಎಲ್ಲ ತಲೆಕೆಳಗು.

ಮತ್ತೆ ಎದ್ದು ನಿಲ್ಲಲು ಕಾಲ ಹಿಡಿಯಿತು. 1935-36ರಲ್ಲಿ ಸೆಲ್ಟಿಕ್ ಹತ್ತು ವರ್ಷದ ನಂತರ ಲೀಗ್ ಗೆದ್ದಿತು. ಆ ಸೀಸನ್ನಿನಲ್ಲಿ ಮೆಕ್‌ಗ್ರೋರಿ ಲೀಗಿನಲ್ಲೇ 50 ಗೋಲು ಹೊಡೆದ. ಆಗ ಅವನಿಗೆ ಮೂವತ್ತೆರಡರ ಹತ್ತಿರ ಹತ್ತಿರ. ಮದರ್‌ವೆಲ್ ಎದುರು ಮೂರು ನಿಮಿಷದಲ್ಲಿ ಮೂರು ಗೋಲು ಹೊಡೆದದ್ದೂ ಅದೇ ಸೀಸನ್. ಸಲೀಂ ಸೆಲ್ಟಿಕ್ ಪಾರ್ಕಿಗೆ ಬಂದಾಗ ಅಲ್ಲಿದ್ದ ಮೆಕ್‌ಗ್ರೋರಿ ಈ ಮೆಕ್‌ಗ್ರೋರಿ. 1937ರ ಕಪ್ ಫೈನಲ್ಲಿಗೆ, ಅಬರ್ಡೀನ್ ಎದುರು, ಹ್ಯಾಂಪ್ಡನ್‌ನಲ್ಲಿ 1,46,000ಕ್ಕೂ ಹೆಚ್ಚು ಜನ ಸೇರಿದ್ದರು. ಸೆಲ್ಟಿಕ್ 2-1. ಅವನು ಗೋಲು ಹೊಡೆಯಲಿಲ್ಲ, ಮೆಡಲ್ ಗೆದ್ದ. ಆ ವರ್ಷದ ಕೊನೆಗೆ ಆಡೋದು ಬಿಟ್ಟ. ಸೆಲ್ಟಿಕ್ ಪರ ಒಟ್ಟು 445 ಪಂದ್ಯ, 468 ಗೋಲು.

ಆಮೇಲೆ ಕಿಲ್‌ಮಾರ್ನಾಕ್ ಕ್ಲಬ್ಬಿನ ಮ್ಯಾನೇಜರ್ ಆದ. ಆ ಕ್ಲಬ್ಬು ಆಗ ಸೋಲಿನ ಮೇಲೆ ಸೋಲು. ಶುರುವಿನಲ್ಲೇ ಸೆಲ್ಟಿಕ್ ಅವರಿಗೆ ಎಂಟು ಗೋಲು ಹೊಡೆಯಿತು. ಮೂರು ತಿಂಗಳೊಳಗೆ, 1938ರ ಸ್ಕಾಟಿಷ್ ಕಪ್ಪಿನಲ್ಲಿ, ಇವನ ಕಿಲ್‌ಮಾರ್ನಾಕ್ ಅದೇ ಸೆಲ್ಟಿಕ್‌ನ್ನು ಅವರ ಮೈದಾನದಲ್ಲೇ ಸೋಲಿಸಿ ಹೊರಹಾಕಿತು, ಫೈನಲ್‌ವರೆಗೂ ಹೋಯಿತು. ಇದನ್ನು ಓದಿದಾಗ ನಾನು ಒಬ್ಬನೇ ಕೂತು ಚಪ್ಪಾಳೆ ಹೊಡೆದೆ.

1945ರಿಂದ 1965ರವರೆಗೆ ಸೆಲ್ಟಿಕ್ ಮ್ಯಾನೇಜರ್. ಆ ಇಪ್ಪತ್ತು ವರ್ಷ ಅಷ್ಟು ಚೆನ್ನಾಗಿ ಹೋಗಲಿಲ್ಲ. 1948ರಲ್ಲಿ ತಂಡ ಕೆಳಗಿನ ಲೀಗಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. 1954ರಲ್ಲಿ ಲೀಗ್, ಕಪ್ ಎರಡೂ ಬಂದವು. 1957ರ ಲೀಗ್ ಕಪ್ ಫೈನಲ್ಲಿನಲ್ಲಿ ರೇಂಜರ್ಸ್ ವಿರುದ್ಧ 7-1ರ ಗೆಲುವು. ಅಧ್ಯಕ್ಷ ಬಾಬ್ ಕೆಲ್ಲಿ ಆಟಗಾರರ ಆಯ್ಕೆಯಲ್ಲಿ ಕೈ ಹಾಕುತ್ತಿದ್ದ, ಮೆಕ್‌ಗ್ರೋರಿ ಎದುರು ನಿಂತು ಜಗಳ ಆಡುವ ಮನುಷ್ಯನಲ್ಲ. ಇಲ್ಲೂ ಅವನ ಒಳ್ಳೆಯತನವನ್ನು ಕ್ಲಬ್ಬು ಬಳಸಿಕೊಂಡಿತು ಅಂತಲೇ ನಾನು ಹೇಳೋದು. ಕೊನೆಗೆ ಅವನ ಜಾಗಕ್ಕೆ ಮ್ಯಾನೇಜರ್ ಆಗಿ ಜಾಕ್ ಸ್ಟೀನ್ ಬಂದ. 1967ರಲ್ಲಿ ಲಿಸ್ಬನ್‌ನಲ್ಲಿ ಇಂಟರ್ ಮಿಲಾನ್‌ನ್ನು ಸೋಲಿಸಿ ಸೆಲ್ಟಿಕ್ ಯುರೋಪಿಯನ್ ಕಪ್ ಗೆದ್ದಿತು, ಬ್ರಿಟನ್ನಿನ ಮೊದಲ ತಂಡವಾಗಿ. ಆ ಹನ್ನೊಂದು ಜನರೂ ಗ್ಲಾಸ್ಗೋ ಸುತ್ತ 30 ಮೈಲಿಯೊಳಗೆ ಹುಟ್ಟಿದವರು. ಅವರಲ್ಲಿ ಹೆಚ್ಚಿನವರು ಕ್ಲಬ್ಬಿಗೆ ಸೇರಿದ್ದು ಮೆಕ್‌ಗ್ರೋರಿ ಮ್ಯಾನೇಜರ್ ಆಗಿದ್ದಾಗ. ಲಿಸ್ಬನ್ ಗೆಲುವಿನ ಹೆಸರೆಲ್ಲ ಸ್ಟೀನ್‌ಗೆ ಹೋಯಿತು, ಅದು ಅವನಿಗೆ ಸಲ್ಲಬೇಕಾದ್ದೇ. ಆದರೆ ಆ ಹುಡುಗರನ್ನು ಕ್ಲಬ್ಬಿಗೆ ತಂದ ಕಾಲ ಯಾರದು ಅಂತಲೂ ಹೇಳಬೇಕಲ್ವಾ?

ಮುಂದಿನ ಸಲ ಹ್ಯೂಯಿ ಗ್ಯಾಲಕರ್ ಬಗ್ಗೆ ಬರೆಯಬೇಕು ಅಂತಿದ್ದೇನೆ. ಅವನದು ಇನ್ನೂ ಕಷ್ಟದ ಕಥೆ. ಇನ್ನೊಂದು ವಿಷಯ. ಮೆಕ್‌ಗ್ರೋರಿ ಆಡುತ್ತಿದ್ದ ಕಾಲದಲ್ಲಿ ನಮ್ಮ ಗುಲ್ಬರ್ಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೈದರಾಬಾದಿನಲ್ಲಿ ಫುಟ್‌ಬಾಲ್ ಜೋರಾಗಿ ಬೆಳೆಯಿತು, 1956ರ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಸೆಮಿಫೈನಲ್‌ಗೆ ಒಯ್ದ ಕೋಚ್ ಎಸ್.ಎ. ರಹೀಂ ಅಲ್ಲಿಯವರೇ. ಆ ಕಾಲದಲ್ಲಿ ಗುಲ್ಬರ್ಗ, ಬೀದರ್, ಯಾದಗಿರಿಯಲ್ಲಿ ಯಾರು ಆಡುತ್ತಿದ್ದರು, ಎಲ್ಲಿ ಆಡುತ್ತಿದ್ದರು? ನಿಮ್ಮ ಮನೆಯಲ್ಲಿ ಅಜ್ಜ, ಮುತ್ಯಾ, ಕಾಕಾ ಯಾರಾದರೂ ಹೇಳಿದ್ದು ನೆನಪಿದ್ದರೆ, ಒಂದು ಹಳೇ ಫೋಟೋ ಇದ್ದರೂ ಸರಿ, ನನಗೆ ಬರೆದು ಕಳಿಸಿ. ಅಣ್ಣನಿಗೆ ತೋರಿಸುತ್ತೇನೆ. ಅವನು ಮೊದಲು ಚೆಂಡು ನೋಡುತ್ತಾನೆ.